ತೂತು ಮುಚ್ಚಿದ ಮೇಲೆ: ಹುಟ್ಟಿನಿಂದ ಬಂದ ಹೃದಯದೋಷದ ಜೊತೆ ಬಾಳುವವರಿಗೆ ಒಂದು ಕೈಪಿಡಿ

ನನ್ನ ತಂಗಿಗೆ ನಾಲ್ಕು ವರ್ಷವಿದ್ದಾಗ ಎದೆ ತೆರೆದು ಆಪರೇಷನ್ ಮಾಡಿದ್ದರು. "ಹಾರ್ಟಲ್ಲಿ ತೂತಿತ್ತು, ಮುಚ್ಚಿದಾರೆ" ಎಂಬುದಷ್ಟೇ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಅವಳಿಗೆ ಇಪ್ಪತ್ತಾರಾದಾಗ, ಗಂಡು ನೋಡುತ್ತಿದ್ದ ವರ್ಷ, ಮೆಟ್ಟಿಲು ಹತ್ತಿದರೆ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಹೃದ್ರೋಗ ತಜ್ಞರು ಕೇಳಿದ ಮೊದಲ ಪ್ರಶ್ನೆ: "ಆಗ ಏನು ಆಪರೇಷನ್ ಮಾಡಿದ್ರು?" ಅಪ್ಪ ಟ್ರಂಕಿನಿಂದ ತೆಗೆದು ತಂದ ಪ್ಲಾಸ್ಟಿಕ್ ಕವರಿನಲ್ಲಿ ಮೆಡಿಕಲ್ ಶಾಪಿನ ಬಿಲ್ಲುಗಳಿದ್ದವು, ಒಂದು ಎಕ್ಸ್‌ರೇ ಇತ್ತು, ಜೋಪಾನವಾಗಿರಲೆಂದು ಲ್ಯಾಮಿನೇಷನ್ ಮಾಡಿಸಿದ್ದ ಇಸಿಜಿ ಇತ್ತು. ಇಸಿಜಿ ಕಾಗದ ಬಿಸಿ ತಾಗಿದರೆ ಕಪ್ಪಾಗುವ ಕಾಗದ. ಲ್ಯಾಮಿನೇಷನ್ ಯಂತ್ರದಿಂದ ಅದು ದೋಸೆ ಕಾವಲಿಯ ಬಣ್ಣಕ್ಕೆ ತಿರುಗಿ ಹೊರಬಂದಿತ್ತು. ಇಪ್ಪತ್ತೆರಡು ವರ್ಷ ನಾವು ಕಾಪಾಡಿಕೊಂಡು ಬಂದದ್ದು ಆ ಕಪ್ಪು ಹಾಳೆಯನ್ನು.

ಎಂಆರ್‌ಐ ಆದ ಮೇಲೆ ಗೊತ್ತಾಯಿತು, ಅವಳಿಗಿದ್ದದ್ದು ಬರೀ ತೂತಲ್ಲ, ಟೆಟ್ರಾಲಜಿ ಆಫ್ ಫ್ಯಾಲೊ ಎಂಬ ನಾಲ್ಕು ದೋಷಗಳ ಗುಂಪು. ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯನ್ನು ಅಗಲ ಮಾಡುವಾಗ ಅಲ್ಲಿನ ಕವಾಟ ಕೆಲಸಕ್ಕೆ ಬಾರದಂತಾಗಿತ್ತು. ಇಷ್ಟು ವರ್ಷವೂ ಅದು ಸೋರುತ್ತಲೇ ಇತ್ತು, ಹೃದಯದ ಬಲಭಾಗ ಹಿಗ್ಗುತ್ತಲೇ ಇತ್ತು.

ನಾನು ವೈದ್ಯನಲ್ಲ. ಒಪಿಡಿ ಸಾಲಿನಲ್ಲಿ ಟೋಕನ್ ಹಿಡಿದು ನಿಂತು, ಸಿಕ್ಕಿದ್ದನ್ನೆಲ್ಲ ಓದಿಕೊಂಡ ಅಣ್ಣ. ಔಷಧಿ, ಆಪರೇಷನ್ನುಗಳ ತೀರ್ಮಾನ ನಿಮ್ಮ ವೈದ್ಯರದ್ದೇ. ಯಾವ ವಯಸ್ಸಿನಲ್ಲಿ ಏನು ಕೇಳಬೇಕು, ಏನು ಕೂಡಿಡಬೇಕು ಎಂಬುದನ್ನಷ್ಟೇ ಇಲ್ಲಿ ಬರೆದಿದ್ದೇನೆ.

ಶುರುವಿಗೆ ಮುಂಚೆ: "ಸರಿಪಡಿಸಿದರು" ಅಂದರೆ "ವಾಸಿಯಾಯಿತು" ಅಂತಲ್ಲ

ಸಾವಿರ ಮಕ್ಕಳು ಹುಟ್ಟಿದರೆ ಎಂಟು ಒಂಬತ್ತು ಮಕ್ಕಳಿಗೆ ಹೃದಯದ ರಚನೆಯಲ್ಲಿ ಏನಾದರೊಂದು ದೋಷವಿರುತ್ತದೆ. ಮುಂದುವರಿದ ದೇಶಗಳಲ್ಲಿ ಇವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ದೊಡ್ಡವರಾಗುತ್ತಾರೆ. ಹಾಗಾಗಿ ಅಲ್ಲಿ ಈ ಕಾಯಿಲೆಯಿರುವ ಮಕ್ಕಳಿಗಿಂತ ದೊಡ್ಡವರೇ ಜಾಸ್ತಿ. ತೊಂದರೆ ಶುರುವಾಗುವುದು ಇವರು ಚೆಕಪ್ಪಿಗೆ ಬರುವುದನ್ನು ಬಿಟ್ಟಾಗ. ಕೆನಡಾದ ಕ್ವಿಬೆಕ್‌ನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಆರು ವರ್ಷ ದಾಟಿದ ಮೇಲೆ ಹೃದಯದ ಚೆಕಪ್ಪಿಗೆ ಬಾರದವರು ಶೇ 28, ಹದಿಮೂರು ದಾಟಿದ ಮೇಲೆ ಶೇ 47, ಹದಿನೆಂಟು ದಾಟಿದ ಮೇಲೆ ಶೇ 61. ಚಿಕಿತ್ಸೆಗೆ ಕಾಸು ಕೊಡಬೇಕಿಲ್ಲದ ನಾಡಿನ ಕತೆ ಇದು. ಅಮೆರಿಕದಲ್ಲಿ 2013ರ ಅಧ್ಯಯನವೊಂದು ದೊಡ್ಡವರನ್ನು ವಿಚಾರಿಸಿದಾಗ ಶೇ 42 ಮಂದಿ ಮೂರು ವರ್ಷಕ್ಕೂ ಹೆಚ್ಚು ಕಾಲ ಚೆಕಪ್ ತಪ್ಪಿಸಿದ್ದರು. ಮೊದಲ ಸಲ ತಪ್ಪಿಸಿದಾಗಿನ ಸರಾಸರಿ ವಯಸ್ಸು ಇಪ್ಪತ್ತರ ಆಸುಪಾಸು. ಕಾಲೇಜು ಮುಗಿಯುವ, ಕೆಲಸಕ್ಕೆಂದು ಊರು ಬಿಡುವ ವಯಸ್ಸು ಅದು.

ಹೆಜ್ಜೆ 1: ಹೊಟ್ಟೆಯಲ್ಲಿದ್ದಾಗ ಮತ್ತು ಹುಟ್ಟಿದ ಮರುದಿನ

ಐದನೇ ತಿಂಗಳ ಹೊತ್ತಿಗೆ ಮಾಡುವ ಸ್ಕ್ಯಾನಿನಲ್ಲಿ ಮಗುವಿನ ಹೃದಯದ ನಾಲ್ಕೂ ಕೋಣೆಗಳನ್ನು ನೋಡುತ್ತಾರೆ. ತಾಯಿ, ತಂದೆ ಅಥವಾ ಮೊದಲ ಮಗುವಿಗೆ ಹುಟ್ಟು ಹೃದಯದೋಷವಿದ್ದರೆ, ತಾಯಿಗೆ ಬಸಿರಿಗೆ ಮುಂಚೆಯೇ ಸಕ್ಕರೆ ಕಾಯಿಲೆಯಿದ್ದರೆ, ಆ ಸ್ಕ್ಯಾನ್ ಸಾಲದು. 18ರಿಂದ 22 ವಾರದೊಳಗೆ ಫೀಟಲ್ ಎಕೋ, ಅಂದರೆ ಹೊಟ್ಟೆಯಲ್ಲಿರುವ ಮಗುವಿನ ಹೃದಯವನ್ನಷ್ಟೇ ವಿವರವಾಗಿ ನೋಡುವ ಸ್ಕ್ಯಾನ್ ಮಾಡಿಸಿ. ಸೋದರಮಾವ–ಅಕ್ಕನ ಮಗಳು, ಅತ್ತೆ ಮಗ–ಮಾವನ ಮಗಳು ಎಂದು ಸಂಬಂಧದಲ್ಲೇ ಮದುವೆಯಾದವರೂ ಇದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ರಕ್ತಸಂಬಂಧದ ಮದುವೆಗೂ ಹೃದಯದೋಷಕ್ಕೂ ನಂಟಿರುವುದನ್ನು ಮೈಸೂರು ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲೇ ತೋರಿಸಿದ್ದಾರೆ.

ಹುಟ್ಟಿದ 24 ಗಂಟೆಯ ನಂತರ, ಡಿಸ್ಚಾರ್ಜಿಗೆ ಮುಂಚೆ, ನರ್ಸನ್ನು ಕೇಳಿ: "ಸಿಸ್ಟರ್, ಮಗೂಗೆ ಆಕ್ಸಿಜನ್ ನೋಡಿದ್ರಾ? ಬಲಗೈಯಲ್ಲೂ ಕಾಲಲ್ಲೂ ನೋಡಿದ್ರಾ?" ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಪಲ್ಸ್ ಆಕ್ಸಿಮೀಟರಿನ ಮರಿಯನ್ನು ಕಟ್ಟಿ ನೋಡುವ ಐದು ನಿಮಿಷದ ಕೆಲಸ, ಸೂಜಿ ಚುಚ್ಚುವುದಿಲ್ಲ. ಯಾವುದೇ ಒಂದರಲ್ಲಿ 90ಕ್ಕಿಂತ ಕಡಿಮೆಯಿದ್ದರೆ ಕೂಡಲೇ ಎಕೋ ಆಗಬೇಕು. ಮೊದಲಾದರೆ ಕೈ ಅಥವಾ ಕಾಲು, ಎರಡರಲ್ಲಿ ಒಂದರಲ್ಲಿ 95 ಬಂದು, ಎರಡರ ನಡುವಿನ ಅಂತರ 3ಕ್ಕಿಂತ ಹೆಚ್ಚಿಲ್ಲದಿದ್ದರೆ ಪಾಸು ಮಾಡುತ್ತಿದ್ದರು, ನಡುವಿನ ಅಂಕಿ ಬಂದರೆ ಎರಡು ಸಲ ಮತ್ತೆ ನೋಡುತ್ತಿದ್ದರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಇತ್ತೀಚೆಗೆ ಇದನ್ನು ಬಿಗಿ ಮಾಡಿದೆ: ಎರಡರಲ್ಲೂ 95 ಅಥವಾ ಹೆಚ್ಚಿರಬೇಕು, ಅಂತರ 3ಕ್ಕಿಂತ ಹೆಚ್ಚಿರಬಾರದು, ಒಂದೇ ಸಲ ಮತ್ತೆ ನೋಡಬೇಕು.

ಇದರಲ್ಲಿ ಪಾಸಾದರೆ ಹೃದಯ ಚೆನ್ನಾಗಿದೆ ಎಂದು ನಿಶ್ಚಿಂತೆಯಿಂದ ಕೂರುವ ಹಾಗಿಲ್ಲ. ಸಾದಾ ತೂತುಗಳು ಇದರಲ್ಲಿ ಸಿಗುವುದಿಲ್ಲ. ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳ, ಮಹಾಪಧಮನಿ, ಕಿರಿದಾಗಿರುವುದೂ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. ಆದ್ದರಿಂದ ಮನೆಗೆ ಬಂದ ಮೇಲೆ ಹಾಲು ಕುಡಿಯುವುದನ್ನು ಗಮನಿಸಿ. ಎರಡು ಗುಟುಕಿಗೆ ಸುಸ್ತಾಗಿ ಬಿಡುವುದು, ಕುಡಿಯುವಾಗ ಹಣೆ ಬೆವರುವುದು, ಪಕ್ಕೆ ಸೆಳೆದುಕೊಂಡು ಉಸಿರಾಡುವುದು, ತೂಕ ಏರದಿರುವುದು, ಪದೇ ಪದೇ ನ್ಯುಮೋನಿಯಾ. ಇವು ಹೃದಯ ಕೊಡುವ ಸೂಚನೆಗಳು. ಆಕ್ಸಿಜನ್ ಕಡಿಮೆಯಾದಾಗ ಬರುವ ನೀಲಿ ಬಣ್ಣವನ್ನು ಉಗುರಿನಲ್ಲಿ ಹುಡುಕಬೇಡಿ, ಚಳಿಗೂ ಉಗುರು ನೀಲಿಯಾಗುತ್ತದೆ. ನಮ್ಮ ಮೈಬಣ್ಣದ ಮಕ್ಕಳಲ್ಲಿ ನಾಲಿಗೆ ನೋಡುವುದೇ ಸರಿ.

ಹೆಜ್ಜೆ 2: "ಮಗು ಸ್ವಲ್ಪ ದಪ್ಪ ಆಗ್ಲಿ" ಎಂದು ಕಾಯಬೇಡಿ

ಎಲ್ಲ ತೂತಿಗೂ ಆಪರೇಷನ್ ಬೇಕಿಲ್ಲ. ಕೆಳಕೋಣೆಗಳ ನಡುವಿನ ಸಣ್ಣ ತೂತುಗಳು ಎಷ್ಟೋ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ದೊಡ್ಡ ತೂತಿನ ಕತೆಯೇ ಬೇರೆ. ಅದನ್ನು ಸಾಮಾನ್ಯವಾಗಿ ಮೊದಲ ವರ್ಷದೊಳಗೇ ಮುಚ್ಚಬೇಕು. ಬಿಟ್ಟರೆ ಶ್ವಾಸಕೋಶದ ರಕ್ತನಾಳಗಳು ಒತ್ತಡಕ್ಕೆ ಗಟ್ಟಿಯಾಗಿ, ರಕ್ತ ಹಿಮ್ಮುಖವಾಗಿ ಹರಿದು, ಮಗು ನೀಲಿಗಟ್ಟುತ್ತದೆ. ಐಸೆನ್‌ಮೆಂಗರ್ ಎಂದು ಕರೆಯುವ ಆ ಹಂತ ಮುಟ್ಟಿದರೆ ತೂತು ಮುಚ್ಚುವುದೇ ಅಪಾಯ. ಹಾಲೇ ಕುಡಿಯಲಾಗದ ಮಗು ಎಲ್ಲಿಂದ ದಪ್ಪವಾಗಬೇಕು? ತೂಕ ಬರಲೆಂದು ತಿಂಗಳುಗಟ್ಟಲೆ ಕಾದ ಅಪ್ಪ ಅಮ್ಮಂದಿರನ್ನು ಆಸ್ಪತ್ರೆ ಕಾರಿಡಾರಿನಲ್ಲಿ ಕಂಡಿದ್ದೇನೆ. ಅವರಿಗೆ ಹಾಗೆ ಹೇಳಿ ಕಳಿಸಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಟೆಟ್ರಾಲಜಿ ಇರುವ ಮಗು ಅಳುತ್ತಾ ಅಳುತ್ತಾ ಕಡುನೀಲಿಯಾದರೆ ಎರಡೂ ಮಂಡಿಯನ್ನು ಮಡಚಿ ಎದೆಗೆ ಒತ್ತಿ ಹಿಡಿಯಿರಿ, ಸಮಾಧಾನ ಮಾಡಿ, ತಡಮಾಡದೆ ಆಸ್ಪತ್ರೆಗೆ ಹೊರಡಿ. ನಡೆಯುವ ಮಕ್ಕಳು ಇದನ್ನೇ ತಾವಾಗಿ ಮಾಡುತ್ತಾರೆ, ಆಟದ ನಡುವೆ ಕುಕ್ಕರಗಾಲಿನಲ್ಲಿ ಕೂತುಬಿಡುತ್ತಾರೆ. ನನ್ನ ತಂಗಿ ಅಂಗಳದಲ್ಲಿ ಹಾಗೆ ಕೂತಾಗಲೆಲ್ಲ ನಾವು ಸೋಂಬೇರಿ ಎಂದು ರೇಗಿಸುತ್ತಿದ್ದೆವು.

ಹಣದ ದಾರಿ: ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಮಗುವನ್ನು ಗುರುತಿಸಿದರೆ ಮುಂದಿನ ಪರೀಕ್ಷೆ, ಚಿಕಿತ್ಸೆಗೆ ದಾರಿಯಾಗುತ್ತದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ತಂಡ ಯಾವಾಗ ಬರುತ್ತದೆ ಎಂದು ಹೇಳುತ್ತಾರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಂತೆ ಒಂದೂವರೆ ಲಕ್ಷದವರೆಗೆ ಸಿಗುತ್ತದೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವನ್ನು ಮೊದಲೇ ಮಾಡಿಸಿಕೊಳ್ಳಿ. ಜಯದೇವ ಸಂಸ್ಥೆ ಬೆಂಗಳೂರಿನಲ್ಲಷ್ಟೇ ಅಲ್ಲ, ಮೈಸೂರು, ಕಲಬುರಗಿಯಲ್ಲೂ ಇದೆ. ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಯಲ್ಲಿ ಬಿಲ್ ಕೌಂಟರೇ ಇಲ್ಲ.

ಹೆಜ್ಜೆ 3: ಫೈಲ್

ಆಪರೇಷನ್ ಆಗಿ ಮನೆಗೆ ಬರುವ ದಿನ ಎಲ್ಲರಿಗೂ ಹೊರಟರೆ ಸಾಕು ಎನಿಸಿರುತ್ತದೆ. ಆವತ್ತು ಇನ್ನೊಂದು ಗಂಟೆ ನಿಲ್ಲಿ. ಡಿಸ್ಚಾರ್ಜ್ ಸಮ್ಮರಿ ಬೇರೆ, ಆಪರೇಷನ್ ನೋಟ್ ಬೇರೆ. ಮೊದಲನೆಯದನ್ನು ತಾವಾಗಿ ಕೊಡುತ್ತಾರೆ, ಎರಡನೆಯದನ್ನು ಕೇಳಿ ಪಡೆಯಬೇಕು. ಸರ್ಜನ್ ಒಳಗೆ ಏನು ಕಂಡರು, ಏನು ಕತ್ತರಿಸಿದರು, ಎಲ್ಲಿ ಪ್ಯಾಚ್ ಹಾಕಿದರು ಎಂಬುದು ಇರುವುದು ಎರಡನೆಯದರಲ್ಲಿ. ಇಪ್ಪತ್ತು ವರ್ಷದ ನಂತರ ಎರಡನೇ ಸಲ ಎದೆ ತೆರೆಯುವ ಸರ್ಜನ್ನಿಗೆ ಅದು ದಾರಿಯ ನಕ್ಷೆ.

ಫೈಲಿನ ಮೊದಲ ಹಾಳೆಯಲ್ಲಿ ಕೈಬರಹದಲ್ಲೇ ಆಗಲಿ ಇಷ್ಟು ಇರಲಿ: ದೋಷದ ಪೂರ್ತಿ ಹೆಸರು, ಆಪರೇಷನ್ನಿನ ಹೆಸರು, ತಾರೀಖು, ಆಸ್ಪತ್ರೆಯ ಐಪಿ (ಒಳರೋಗಿ) ನಂಬರು, ಕವಾಟ, ಕೊಳವೆ, ಡಿವೈಸ್ ಏನಾದರೂ ಹಾಕಿದ್ದರೆ ಅದರ ಅಳತೆ, ಕಂಪನಿ ಮತ್ತು ಡಬ್ಬಿಯ ಮೇಲಿನ ಸ್ಟಿಕರ್, ಉಳಿದಿರುವ ದೋಷ, ಸುಮ್ಮನೆ ಕೂತಿದ್ದಾಗಿನ ಆಕ್ಸಿಜನ್ ಮಟ್ಟ, ಈಗಿನ ಮಾತ್ರೆಗಳು, ರಕ್ತದ ಗುಂಪು, ಯಾವ ಔಷಧಿ ಒಗ್ಗುವುದಿಲ್ಲ ಎಂಬುದು. ಆಕ್ಸಿಜನ್ ಮಟ್ಟವನ್ನು ಬೇಕೆಂದೇ ಸೇರಿಸಿದ್ದೇನೆ. ಕೆಲವರಿಗೆ 84 ಎಂಬುದೇ ಮಾಮೂಲು. ಅದು ಗೊತ್ತಿಲ್ಲದ ಊರಿನ ಕ್ಯಾಷುವಲ್ಟಿಯಲ್ಲಿ ಆ ಅಂಕಿ ಕಂಡು ಗಾಬರಿಯಾಗುತ್ತಾರೆ. 84ರವರು 74ಕ್ಕೆ ಇಳಿದರೆ ಅದೂ ಅವರಿಗೆ ತಿಳಿಯಬೇಕು.

ಇಸಿಜಿಯನ್ನು ಜೆರಾಕ್ಸ್ ಮಾಡಿಸಿ, ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಲ್ಯಾಮಿನೇಷನ್ ಮಾತ್ರ ಬೇಡ. ಎಂಆರ್‌ಐ ಸಿಡಿ ಇದ್ದರೆ ಪೆನ್‌ಡ್ರೈವಿಗೆ ಹಾಕಿಡಿ. ಮುಂದೆ ಸಿಡಿ ಓದುವ ಕಂಪ್ಯೂಟರ್ ಸಿಗುವುದೂ ಕಷ್ಟ. ಆಭಾ ನಂಬರ್ (ಸರ್ಕಾರದ ಡಿಜಿಟಲ್ ಆರೋಗ್ಯ ಗುರುತಿನ ಸಂಖ್ಯೆ) ಮಾಡಿಸಿಕೊಂಡು ದಾಖಲೆಗಳನ್ನು ಅದಕ್ಕೆ ಸೇರಿಸಬಹುದು. ಆದರೂ ಕಾಗದದ ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಪ್ರತಿ ಬೇರೊಬ್ಬರ ಮನೆಯಲ್ಲಿ ಇರಲಿ.

ಹೆಜ್ಜೆ 4: ಶಾಲೆ, ಆಟ, ಹಲ್ಲು

"ಪಿಟಿ ಪೀರಿಯಡ್ಡಲ್ಲಿ ಇವಳನ್ನ ಕೂರಿಸಿ" ಎಂದು ಅಪ್ಪ ಪ್ರತಿ ವರ್ಷ ಪತ್ರ ಕೊಡುತ್ತಿದ್ದರು. ಈಗ ತಜ್ಞರ ಮಾತು ಬದಲಾಗಿದೆ. ಎಲ್ಲರಿಗೂ ಆಟ ಬೇಡ ಎನ್ನುವ ಬದಲು ಒಬ್ಬೊಬ್ಬರ ಹೃದಯ ನೋಡಿ ಎಷ್ಟು ಎಂದು ಬರೆದುಕೊಡಬೇಕು ಎನ್ನುತ್ತಾರೆ. ಕ್ರಮವಾಗಿ ವ್ಯಾಯಾಮ ಮಾಡಿದವರ ದಮ್ಮು ಸ್ವಲ್ಪವಾದರೂ ಹೆಚ್ಚುವುದನ್ನು ಪ್ರಯೋಗಗಳು ತೋರಿಸಿವೆ. ವೈದ್ಯರಿಂದ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ, ಶಾಲೆಗೆ ಚೀಟಿ ಬರೆಸಿಕೊಳ್ಳಿ. ಓಡುತ್ತಾ ಮಾತಾಡಲು ಬಂದರೆ ಆ ವೇಗ ಸರಿ, ಮಾತು ತುಂಡಾದರೆ ನಿಧಾನ ಮಾಡಲಿ ಎಂಬುದು ಮಕ್ಕಳಿಗೂ ಅರ್ಥವಾಗುವ ಲೆಕ್ಕ. ಮಹಾಪಧಮನಿ ಹಿಗ್ಗಿರುವವರು, ಕವಾಟ ತೀರಾ ಕಿರಿದಾಗಿರುವವರು ಜಿಮ್ಮಿನ ಭಾರ ಎತ್ತುವ ಮುಂಚೆ ಕೇಳಲೇಬೇಕು.

ಎಳವೆಯಲ್ಲಿ ದೊಡ್ಡ ಆಪರೇಷನ್ ಆದ ಮಕ್ಕಳಲ್ಲಿ ಗಮನ ಕೊಡುವುದು, ಲೆಕ್ಕ, ಕೈಬರಹ ಹಿಂದೆ ಬೀಳುವುದು ಹೆಚ್ಚು. ಶಾಲೆಗೆ ಸೇರುವ ಹೊತ್ತಿಗೆ ಒಮ್ಮೆ ಬೆಳವಣಿಗೆಯ ಪರೀಕ್ಷೆ ಮಾಡಿಸಿ. "ದಡ್ಡ" ಎಂಬ ಹಣೆಪಟ್ಟಿ ಬೀಳುವ ಮುಂಚೆ ಮಾಡಿಸಿ.

ಹಲ್ಲಿನ ಹುಳುಕಿನಿಂದ ರಕ್ತಕ್ಕೆ ಹೋಗುವ ಬ್ಯಾಕ್ಟೀರಿಯಾ ಹೃದಯದ ಒಳಪದರಕ್ಕೆ ಸೋಂಕು ತರಬಲ್ಲದು. ದಿನಕ್ಕೆರಡು ಸಲ ಉಜ್ಜುವುದೇ ದೊಡ್ಡ ರಕ್ಷಣೆ. ಹಲ್ಲು ಕೀಳಿಸುವ ಮುಂಚಿನ ಆಂಟಿಬಯಾಟಿಕ್ ಎಲ್ಲರಿಗೂ ಬೇಕಿಲ್ಲ. ಕೃತಕ ಕವಾಟ ಇರುವವರು, ಹಿಂದೊಮ್ಮೆ ಈ ಸೋಂಕು ಬಂದಿದ್ದವರು, ಆಪರೇಷನ್ ಆಗದ ನೀಲಿ ಹೃದಯದವರು (ರಕ್ತದಲ್ಲಿ ಆಕ್ಸಿಜನ್ ಕಡಿಮೆಯಾಗಿ ಮೈ ನೀಲಿಗಟ್ಟುವ ದೋಷದವರು), ಪ್ಯಾಚ್ ಅಥವಾ ಡಿವೈಸ್ ಹಾಕಿ ಆರು ತಿಂಗಳಾಗದವರು, ಪ್ಯಾಚಿನ ಪಕ್ಕ ಇನ್ನೂ ಸೋರುತ್ತಿರುವವರು ಮಾತ್ರ ಹಲ್ಲಿನ ವೈದ್ಯರಿಗೆ ಮೊದಲೇ ಹೇಳಬೇಕು. ಕೆಲಸಕ್ಕೆ ಅರ್ಧದಿಂದ ಒಂದು ಗಂಟೆ ಮುಂಚೆ ಒಂದೇ ಡೋಸ್ ಕೊಡುತ್ತಾರೆ.

ಹೆಜ್ಜೆ 5: ಹನ್ನೆರಡರಿಂದ ಹದಿನೆಂಟು, ಕೈಬದಲಾವಣೆ

ಈ ಬರಹದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಬಾಲ ಸ್ವಾಸ್ಥ್ಯ ತಪಾಸಣೆ ಹದಿನೆಂಟಕ್ಕೆ ನಿಲ್ಲುತ್ತದೆ. ಮಕ್ಕಳ ಹೃದಯ ವಿಭಾಗದ ಬಾಗಿಲೂ ಹೆಚ್ಚು ಕಡಿಮೆ ಆಗಲೇ ಮುಚ್ಚುತ್ತದೆ. ಅಲ್ಲಿಯವರೆಗೆ ಪ್ರಶ್ನೆಗಳಿಗೆಲ್ಲ ಅಮ್ಮನೇ ಉತ್ತರ ಕೊಟ್ಟಿರುತ್ತಾಳೆ.

ಕೆನಡಾದಲ್ಲಿ ಒಂದು ಸರಳ ಪ್ರಯೋಗ ನಡೆಯಿತು. ಹದಿನಾರು ಹದಿನೇಳರ ಹುಡುಗ ಹುಡುಗಿಯರ ಜೊತೆ ನರ್ಸೊಬ್ಬರು ಕೂತು ನಿನ್ನ ಹೃದಯ ಹೀಗಿದೆ, ಇಂಥಿಂಥದ್ದಾದರೆ ಹೀಗೆ ಮಾಡು ಎಂದು ಎರಡು ಸಲ ಮಾತಾಡಿದರು, ಅಷ್ಟೇ. 2018ರಲ್ಲಿ ಬಂದ ಫಲಿತಾಂಶದಲ್ಲಿ ಹಾಗೆ ಮಾತಾಡಿಸಿಕೊಂಡವರು ದೊಡ್ಡವರ ವಿಭಾಗಕ್ಕೆ ತಡಮಾಡದೆ ಬಂದಿದ್ದರು. ಮಾತ್ರೆಯಿಲ್ಲ, ಯಂತ್ರವಿಲ್ಲ, ಬರೀ ಮಾತು.

ನಮ್ಮ ಒಪಿಡಿಗಳಲ್ಲಿ ಅಷ್ಟು ಹೊತ್ತು ಕೂತು ಮಾತಾಡುವ ನರ್ಸು ಸಿಗುವುದು ಕಷ್ಟ. ಮನೆಯಲ್ಲೇ ಮಾಡಿ. ಹನ್ನೆರಡಕ್ಕೆ ದೋಷದ ಹೆಸರು ಬಾಯಿಪಾಠವಾಗಲಿ. ಹದಿನಾಲ್ಕಕ್ಕೆ ಮಾತ್ರೆಗಳ ಹೆಸರು, ಯಾಕೆ ಎಂಬುದು. ಹದಿನಾರಕ್ಕೆ ವೈದ್ಯರ ಕೋಣೆಗೆ ಮೊದಲು ಮಗುವೇ ಹೋಗಲಿ, ನೀವು ಹತ್ತು ನಿಮಿಷ ಹೊರಗಿರಿ. ಮೊದಲ ಸಲ ಹಾಗೆ ಹೊರಗೆ ಕೂತ ಒಬ್ಬ ತಾಯಿ ಬಾಗಿಲಿನ ಗಾಜಿನಿಂದ ಇಣುಕಿ ಇಣುಕಿ ನೋಡುತ್ತಿದ್ದರು. ಒಳಗೆ ಡಾಕ್ಟರು "ಏನಮ್ಮಾ, ನಿಂಗೆ ಏನಾಗಿದೆ ನೀನೇ ಹೇಳು" ಎಂದರಂತೆ. ಹುಡುಗಿ ತನ್ನ ಅಂಗೈ ಮೇಲೆ ಪೆನ್ನಿನಲ್ಲಿ ಹೃದಯ ಬರೆದು ತೋರಿಸಿ ಬಂದಳು. ಹದಿನೆಂಟಕ್ಕೆ ಮುಂಚೆ ದೊಡ್ಡವರ ಹುಟ್ಟು ಹೃದಯದೋಷ ನೋಡುವ ತಜ್ಞರ ಹೆಸರನ್ನು, ಮೊದಲ ಭೇಟಿಯ ತಾರೀಖನ್ನು ಮಕ್ಕಳ ವೈದ್ಯರಿಂದಲೇ ಬರೆಸಿಕೊಳ್ಳಿ. ಬ್ಲಾಕೇಜು, ಸ್ಟೆಂಟುಗಳಲ್ಲೇ ಪಳಗಿದ ಹೃದ್ರೋಗ ತಜ್ಞರಿಗೆ ಇವರ ಹೃದಯದ ಕೊಳಾಯಿ ವ್ಯವಸ್ಥೆ ಅಷ್ಟು ಪರಿಚಿತವಲ್ಲ. ವಿಶೇಷ ಕೇಂದ್ರಗಳಲ್ಲಿ ನೋಡಿಸಿಕೊಂಡವರಲ್ಲಿ ಸಾವು ಕಡಿಮೆ ಎಂಬುದು ಕ್ವಿಬೆಕ್‌ನ 2014ರ ಅಧ್ಯಯನದಲ್ಲಿ ಕಂಡಿದೆ.

ಹೆಜ್ಜೆ 6: ದೊಡ್ಡವರಾದ ಮೇಲೆ ಯಾರು ಏನನ್ನು ಕಾಯಬೇಕು

ಟೆಟ್ರಾಲಜಿ ಸರಿಪಡಿಸಿಕೊಂಡವರು ಸೋರುವ ಕವಾಟವನ್ನೂ ಬಡಿತದ ಏರುಪೇರನ್ನೂ ಕಾಯಬೇಕು. ಎಂಆರ್‌ಐನಲ್ಲಿ ಬಲ ಕೆಳಕೋಣೆಯ ಗಾತ್ರ, ಮೈ ಅಳತೆಯ ಪ್ರತಿ ಚದರ ಮೀಟರಿಗೆ 160 ಮಿಲಿಲೀಟರ್ ಮುಟ್ಟಿದರೆ ತೊಂದರೆ ಕಾಣದಿದ್ದರೂ ಕವಾಟದ ಮಾತು ಬರುತ್ತದೆ. ತೊಡೆಯ ರಕ್ತನಾಳದಿಂದ ಈ ಕವಾಟ ಕೂರಿಸುವ ವಿಧಾನ 2000ರಿಂದ ಇದೆ, ಎಲ್ಲರ ಅಳತೆಗೂ ಹೊಂದುವುದಿಲ್ಲ. ತಂಗಿಗೆ ಹೊಂದಲಿಲ್ಲ, ಮತ್ತೆ ಎದೆ ತೆರೆದರು. ಮಗುವಿನ ಜೊತೆಗೇ ಬೆಳೆಯುವ ಜೀವಂತ ಕವಾಟದ ಆಸೆಯೂ ಹುಟ್ಟಿದೆ. 2022ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ದಾನಿಯ ಹೃದಯದ ಕವಾಟ ಭಾಗವನ್ನಷ್ಟೇ ಒಂದು ಎಳೆಕೂಸಿಗೆ ಕಸಿ ಮಾಡಿದರು. ಅದು ಕೂಸಿನ ಜೊತೆ ಬೆಳೆಯಿತು.

ಮಹಾಪಧಮನಿ ಕಿರಿದಾಗಿದ್ದು ಸರಿಪಡಿಸಿಕೊಂಡವರಿಗೆ ಬಿಪಿ ಏರುವುದು ಮಾಮೂಲು. ಬಲಗೈಯಲ್ಲಿ ನೋಡಿಸಿ, ಕಾಲಿನಲ್ಲೂ ನೋಡಿಸಿ. ಒಂದೇ ಕೆಳಕೋಣೆಯಿದ್ದು, ಮೈಯಿಂದ ಮರಳುವ ರಕ್ತವನ್ನು ನೇರವಾಗಿ ಶ್ವಾಸಕೋಶಕ್ಕೆ ಹರಿಸುವ ಫಾಂಟಾನ್ ಆಪರೇಷನ್ ಆದವರು ಹೃದಯದ ಜೊತೆ ಲಿವರನ್ನೂ ಕಾಯಬೇಕು, ಏಕೆಂದರೆ ವರ್ಷಾನುಗಟ್ಟಲೆ ಅಭಿಧಮನಿಯ ಒತ್ತಡಕ್ಕೆ ಲಿವರ್ ಗಟ್ಟಿಯಾಗುತ್ತದೆ. ಇವರ ದಮ್ಮು ಹೆಚ್ಚಿಸಲು ಯುಡೆನಾಫಿಲ್ ಎಂಬ ಮಾತ್ರೆಯನ್ನು 400 ಹದಿಹರೆಯದವರ ಮೇಲೆ ಪ್ರಯೋಗಿಸಿದ್ದರು. 2019ರ ಫಲಿತಾಂಶದಲ್ಲಿ ಮುಖ್ಯ ಗುರಿ ಮುಟ್ಟಲಿಲ್ಲ. ವಾಟ್ಸಾಪಿನಲ್ಲಿ ಬರುವ "ಫಾಂಟಾನ್ ಮಾತ್ರೆ"ಗಳಿಗೆ ದುಡ್ಡು ಸುರಿಯುವ ಮುಂಚೆ ಇದು ನೆನಪಿರಲಿ.

ನೀಲಿ ಹೃದಯದ ದೊಡ್ಡವರಿಗೆ ಹಿಮೋಗ್ಲೋಬಿನ್ 20 ದಾಟಿರಬಹುದು. ರಕ್ತ ದಪ್ಪವಾಗಿದೆ ಎಂದು ಸುಮ್ಮಸುಮ್ಮನೆ ತೆಗೆಸಬೇಡಿ, ಕಬ್ಬಿಣದಂಶ ಕಡಿಮೆಯಾಗಿ ಕೆಟ್ಟದ್ದೇ ಆಗುತ್ತದೆ. ಡ್ರಿಪ್ ಹಾಕುವಾಗ ಒಂದೂ ಗಾಳಿಗುಳ್ಳೆ ಹೋಗದಂತೆ ನೋಡಿಕೊಳ್ಳಲು ನರ್ಸಿಗೆ ಹೇಳಿ.

ಎದೆಬಡಿತ ಇದ್ದಕ್ಕಿದ್ದಂತೆ ಓಡಿ ನಿಲ್ಲದಿದ್ದರೆ, ತಲೆಸುತ್ತಿ ಬಿದ್ದರೆ, ಉಸಿರಿಗೆ ತೊಡಕಾಗಿ ಮಲಗಲಾಗದಿದ್ದರೆ, ಕಾರಣವಿಲ್ಲದ ಜ್ವರ ವಾರವಾದರೂ ಬಿಡದಿದ್ದರೆ ಮುಂದಿನ ತಾರೀಖಿಗೆ ಕಾಯಬೇಡಿ. ಆ ಜ್ವರಕ್ಕೆ ಆಂಟಿಬಯಾಟಿಕ್ ನುಂಗುವ ಮುಂಚೆ ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ಬೆಳೆಸಿ ನೋಡುವ ಪರೀಕ್ಷೆಗೆ ಕಳಿಸಿರಬೇಕು. ಊರಿನ ಕ್ಲಿನಿಕ್ಕಿನಲ್ಲಿ ಮೂರು ದಿನದ ಮಾತ್ರೆ ತಗೊಂಡು ಹೋದರೆ ಕಲ್ಚರಿನಲ್ಲಿ ಏನೂ ಸಿಗದೆ ಹೋಗಬಹುದು.

ಖಿನ್ನತೆ, ಆತಂಕ ಇವರಲ್ಲಿ ಬೇರೆಯವರಿಗಿಂತ ಹೆಚ್ಚು. ಅದನ್ನೂ ಚೆಕಪ್ಪಿನಲ್ಲೇ ಹೇಳಿಕೊಳ್ಳಬಹುದು, ಹೇಳಿಕೊಳ್ಳಬೇಕು.

ಹೆಜ್ಜೆ 7: ಮದುವೆ, ಬಸಿರು

ಹುಡುಗನ ಕಡೆಯವರಿಗೆ ಹೇಳಬೇಕೇ ಬೇಡವೇ ಎಂದು ನಮ್ಮ ಮನೆಯಲ್ಲಿ ಮೂರು ತಿಂಗಳು ಚರ್ಚೆ ನಡೆಯಿತು. ಅಮ್ಮ ಬೇಡ ಎಂದರು, ಅತ್ತೆ ಕುಪ್ಪಸದ ಕತ್ತು ಮೇಲೆ ಹೊಲಿಸಿದರಾಯಿತು ಎಂದರು. ತಂಗಿಯೇ ಸಂಬಂಧ ಬಂದ ಒಬ್ಬೊಬ್ಬ ಹುಡುಗನಿಗೂ ಫೈಲಿನ ಮೊದಲ ಹಾಳೆಯ ಫೋಟೊ ಕಳಿಸಿದಳು. ಇಬ್ಬರು ಸುಮ್ಮನಾದರು. ಮೂರನೆಯವನು ಫೋನ್ ಮಾಡಿ ಅದೇನೆಂದು ಕೇಳಿದ.

ಬಸಿರಾದ ಮೇಲೆ ಕೇಳುವುದಲ್ಲ, ಮುಂಚೆ ಕೇಳುವುದು. ವೈದ್ಯರು ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಂತೆ ಅಪಾಯವನ್ನು ಒಂದರಿಂದ ನಾಲ್ಕು ಎಂದು ಅಳೆಯುತ್ತಾರೆ, ನಿಮ್ಮದು ಎಷ್ಟೆಂದು ಕೇಳಿ ಬರೆದುಕೊಳ್ಳಿ. ಚೆನ್ನಾಗಿ ಮುಚ್ಚಿದ ಸಾದಾ ತೂತು ಒಂದನೆಯದು. ಶ್ವಾಸಕೋಶದ ಒತ್ತಡ ಏರಿರುವುದು, ಐಸೆನ್‌ಮೆಂಗರ್ ನಾಲ್ಕನೆಯದು; ಅಲ್ಲಿ ತಾಯಿಯ ಜೀವಕ್ಕೇ ಗಂಡಾಂತರ. ಲೋಹದ ಕವಾಟಕ್ಕೆ ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆ) ನುಂಗುವವರು ಬಸಿರೆಂದು ತಿಳಿದ ಕೂಡಲೇ ತಾವಾಗಿ ನಿಲ್ಲಿಸಬಾರದು, ತಾವಾಗಿ ಮುಂದುವರಿಸಲೂಬಾರದು, ಅದೇ ದಿನ ವೈದ್ಯರಿಗೆ ಫೋನ್ ಮಾಡಬೇಕು. ಗರ್ಭನಿರೋಧಕ ಮಾತ್ರೆಗಳಲ್ಲಿ ಈಸ್ಟ್ರೋಜನ್ ಇರುವಂಥವು ಫಾಂಟಾನ್ ಆದವರಿಗೆ, ನೀಲಿ ಹೃದಯದವರಿಗೆ ರಕ್ತ ಹೆಪ್ಪುಗಟ್ಟಿಸುವ ಅಪಾಯ ತರುತ್ತವೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ವಸ್ತುವಲ್ಲ ಅದು.

ಮಗುವಿಗೂ ಬರುತ್ತದೆಯೇ? ತಾಯಿಗಿದ್ದರೆ ಸುಮಾರಾಗಿ ನೂರಕ್ಕೆ ಮೂರರಿಂದ ಐದು, ತಂದೆಗಿದ್ದರೆ ಎರಡು ಮೂರು. ಕೆಲವು ವಂಶವಾಹಿ ದೋಷಗಳಲ್ಲಿ ಅರ್ಧಕ್ಕರ್ಧ. ಅದಕ್ಕೇ ಮೊದಲ ಹೆಜ್ಜೆಯ ಫೀಟಲ್ ಎಕೋ.

ಫೈಲ್ ಕಳೆದುಹೋಗಿದ್ದರೆ

ಆಪರೇಷನ್ ಆದ ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ ವಿಭಾಗಕ್ಕೆ ಹೆಸರು, ಅಪ್ಪನ ಹೆಸರು, ಅಂದಾಜು ತಿಂಗಳು ಬರೆದು ಅರ್ಜಿ ಕೊಡಿ. ಹಳೇ ಬಿಲ್ಲಿನಲ್ಲಿ ಐಪಿ ನಂಬರು ಇದ್ದೀತು, ಹುಡುಕಿ. ನಮಗೆ ಸಿಕ್ಕಿದ ಉತ್ತರ, ಹಳೇ ದಾಖಲೆ ಉಳಿದಿಲ್ಲ ಎಂದು.

ಆಗ ಉಳಿಯುವುದು ಮೈ ಮೇಲಿನ ಗಾಯದ ಗುರುತು. ಎದೆಯ ನಡುವಿನ ಉದ್ದ ಗೆರೆ ಎಂದರೆ ಸಾಮಾನ್ಯವಾಗಿ ಹೃದಯವನ್ನೇ ತೆರೆದ ಆಪರೇಷನ್. ಪಕ್ಕೆಯಿಂದ ಬೆನ್ನಿಗೆ ತಿರುಗಿದ ಗೆರೆ ಎಂದರೆ ಮಹಾಪಧಮನಿ ಸರಿಪಡಿಸಿದ್ದಿರಬಹುದು ಅಥವಾ ಕೈಗೆ ಹೋಗುವ ರಕ್ತನಾಳದಿಂದ ಶ್ವಾಸಕೋಶಕ್ಕೆ ದಾರಿ ಮಾಡಿದ ಶಂಟ್ ಇರಬಹುದು. ಶಂಟ್ ಹಾಕಿದ ಬದಿಯ ಕೈಯಲ್ಲಿ ಬಿಪಿ ಕಡಿಮೆ ತೋರಿಸುವುದುಂಟು, ಆದ್ದರಿಂದ ಎರಡೂ ಕೈಯಲ್ಲಿ ನೋಡಿಸಿ. ಗುರುತುಗಳ ಫೋಟೊ ತೆಗೆದು ಫೈಲಿಗೆ ಹಾಕಿ.

ತಂಗಿಯ ಬಲ ಭುಜದ ಮೂಳೆಯ ಕೆಳಗೆ ಬೆರಳುದ್ದದ ಒಂದು ಗೆರೆಯಿದೆ. ಚಿಕ್ಕವಳಿದ್ದಾಗ ತೊಟ್ಟಿಲಿನಿಂದ ಬಿದ್ದದ್ದು ಎಂದೇ ನಾವೆಲ್ಲ ನಂಬಿದ್ದೆವು. ಡಾಕ್ಟರು ಅದರ ಮೇಲೆ ಬೆರಳಾಡಿಸಿ, "ಇವಳಿಗೆ ಎದೆ ತೆರೆಯೋದಕ್ಕೂ ಮುಂಚೆ ಇನ್ನೊಂದು ಆಪರೇಷನ್ ಆಗಿದೆ ಅಲ್ವಾ?" ಎಂದರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು ಸಾರ್, ಆರು ತಿಂಗಳ ಕೂಸಿದ್ದಾಗ ಏನೋ ಒಂದು ಮಾಡಿದ್ರು" ಎಂದರು. ಅಪ್ಪನಿಗೂ ಅಮ್ಮನಿಗೂ ಮಾತ್ರ ಅದು ಗೊತ್ತಿತ್ತಂತೆ. ಯಾರೂ ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.